ಸಕ್ಕರೆಯ ಚೀಟಿಯಲ್ಲಿ ಕಾಣದ ಹೃದಯ

ಕಬ್ಬು ಕಡಿಯುವ ಹಂಗಾಮಿನಲ್ಲಿ ಹುಕ್ಕೇರಿ ತಾಲೂಕಿನ ನಿಡಸೋಸಿಯಿಂದ ಸಂಕೇಶ್ವರದ ಕಡೆಗೆ ಹೊರಟ ಬಸ್ಸು, ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಯತ್ತ ಸಾಗುವ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಸಿಕ್ಕಿಕೊಂಡಾಗ, ಒಳಗೆ ಕುಳಿತ ಇಬ್ಬರು ಹಿರಿಯರ ಕುಶಲಪ್ರಶ್ನೆಯು ಮಳೆಬೆಳೆಯಿಂದ ಮೊದಲಾಗಿ, ಕಬ್ಬಿನ ಬಿಲ್ಲನ್ನು ಮುಟ್ಟಿ, ಕಡೆಗೆ "ಸಕ್ರಿ ಎಷ್ಟೈತಿ?" ಎಂಬಲ್ಲಿಗೆ ಬಂದು ನಿಲ್ಲುವುದು ಈಗ ಸಾಮಾನ್ಯವಾಗಿದೆ. ಕೇಳಿದ್ದು ಕಾರ್ಖಾನೆಯ ಗೋದಾಮಿನ ಸಕ್ಕರೆಯನ್ನಲ್ಲ. ಉಪವಾಸದಲ್ಲಿ ಇಷ್ಟು, ಊಟವಾದ ಮೇಲೆ ಇಷ್ಟು ಎಂದು ಮಗನ ಜನ್ಮನಕ್ಷತ್ರವನ್ನು ಹೇಳುವಷ್ಟೇ ಖಚಿತವಾಗಿ ಹೇಳುವ ಅದೇ ಮನುಷ್ಯನನ್ನು ಕೊಲೆಸ್ಟರಾಲ್ ಎಷ್ಟೆಂದು ಕೇಳಿದರೆ, "ಅದೇನೋ ಒಮ್ಮೆ ನೋಡ್ಯಾರ, ನಾರ್ಮಲ್ ಐತಿ ಅಂದಾರ" ಎಂದು ಮಾತು ಮುಗಿಸಿಬಿಡುತ್ತಾನೆ. ಈ ಲೇಖನದ ತಕರಾರು ಆ 'ನಾರ್ಮಲ್' ಎಂಬ ಒಂದು ಶಬ್ದದ ಮೇಲೆ.

ಮಧುಮೇಹಿಯ ಪ್ರಾಣವನ್ನು ಕೊನೆಗೆ ಅಪಹರಿಸುವುದು ಬಹುಮಟ್ಟಿಗೆ ಸಕ್ಕರೆಯಲ್ಲ; ಅದರ ಸಹವಾಸದಲ್ಲಿ ವರ್ಷಾನುವರ್ಷ ಜೀರ್ಣವಾಗುತ್ತ ಬಂದ ಹೃದಯದ ರಕ್ತನಾಳ. ಫಿನ್ಲೆಂಡಿನ ಜನರ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಹ್ಯಾಫ್ನರ್ ಮತ್ತು ಸಂಗಡಿಗರ ಅಧ್ಯಯನವು, ಒಮ್ಮೆಯೂ ಹೃದಯಾಘಾತವಾಗದ ಮಧುಮೇಹಿಗೂ, ಮಧುಮೇಹವಿಲ್ಲದಿದ್ದರೂ ಆಗಲೇ ಒಂದು ಆಘಾತವನ್ನು ಉಂಡು ಬದುಕಿದವನಿಗೂ, ಮುಂದಿನ ಏಳು ವರ್ಷಗಳಲ್ಲಿ ಆಘಾತದ ಸಂಭವವು ಸರಿಸುಮಾರು ಸಮವೆಂದು ತೋರಿಸಿ ವೈದ್ಯಲೋಕವನ್ನು ಬೆಚ್ಚಿಬೀಳಿಸಿತು. ಅನಂತರದ ಅಧ್ಯಯನಗಳು ಆ ಮಾತನ್ನು ತುಸು ಮಿತಗೊಳಿಸಿವೆ: ಎಲ್ಲ ಮಧುಮೇಹಿಗಳೂ ಒಂದೇ ತಕ್ಕಡಿಯಲ್ಲಿ ತೂಗತಕ್ಕವರಲ್ಲ, ರೋಗ ಹಿಡಿದು ಎಷ್ಟು ಕಾಲವಾಯಿತು, ಮೂತ್ರದಲ್ಲಿ ಆಲ್ಬುಮಿನ್ ಸೋರುತ್ತಿದೆಯೇ, ರಕ್ತದೊತ್ತಡವೆಷ್ಟು, ತಂಬಾಕಿನ ಚಟವಿದೆಯೇ ಎಂಬವುಗಳಿಂದ ಅಪಾಯವು ಏರುತ್ತದೆ, ಇಳಿಯುತ್ತದೆ. ಏರಿಳಿಯುವುದಾದರೆ ಅದನ್ನು ಅಳೆಯಲೇಬೇಕಲ್ಲವೆ?

ಅಳತೆಯಲ್ಲಿಯೇ ತೊಡಕಿದೆ. ಇನ್ಸುಲಿನ್ ತನ್ನ ಕೆಲಸವನ್ನು ನೆಟ್ಟಗೆ ಮಾಡದ ದೇಹದಲ್ಲಿ ಕೊಬ್ಬಿನ ಕೋಶಗಳಿಂದ ಮೇದಾಮ್ಲಗಳು ಹೊರಬಿದ್ದು ಯಕೃತ್ತನ್ನು ಸೇರುತ್ತವೆ. ಯಕೃತ್ತು ಅವನ್ನು ಟ್ರೈಗ್ಲಿಸರೈಡ್ ತುಂಬಿದ ಕಣಗಳ ರೂಪದಲ್ಲಿ ಕಟ್ಟಿ ರಕ್ತಕ್ಕೆ ತಳ್ಳುತ್ತದೆ. ಆ ಕಣಗಳೊಡನೆ ನಡೆಯುವ ವಿನಿಮಯದಲ್ಲಿ ರಕ್ಷಕವೆನಿಸಿದ ಎಚ್‌ಡಿಎಲ್ ಕುಗ್ಗುತ್ತದೆ, ಕೆಡುಕೆನಿಸಿದ ಎಲ್‌ಡಿಎಲ್‌ನ ಕಣಗಳು ಕಿರಿದಾಗಿ ಗಟ್ಟಿಯಾಗುತ್ತವೆ. ನಮ್ಮ ಸೀಮೆಯವರಿಗೆ ಇದನ್ನು ಕಾರ್ಖಾನೆಯ ಕಾಟಾದ ಉದಾಹರಣೆಯಿಂದ ಹೇಳಬಹುದು. ಎಲ್‌ಡಿಎಲ್ ಕೊಲೆಸ್ಟರಾಲ್ ಎಂದು ಚೀಟಿಯಲ್ಲಿ ಬರುವ ಸಂಖ್ಯೆಯು ಕಾಟಾದ ಮೇಲೆ ಬಿದ್ದ ಕಬ್ಬಿನ ಒಟ್ಟು ಟನ್ನೇಜಿನಂತೆ. ಆದರೆ ಹಾದಿಯನ್ನು ಸಂಕಟಕ್ಕೆ ಸಿಲುಕಿಸುವುದು ಎಷ್ಟು ಗಾಡಿಗಳು ಹಾದುಹೋದುವು ಎಂಬ ಲೆಕ್ಕ. ಮಧುಮೇಹಿಯಲ್ಲಿ ಗಾಡಿಗಳು, ಎಂದರೆ ಆ ಕಣಗಳು, ಚಿಕ್ಕವು, ಹೊರೆ ಕಡಮೆ, ಸಂಖ್ಯೆ ಬಹಳ. ಟನ್ನೇಜನ್ನು ಮಾತ್ರ ನೋಡುವವನಿಗೆ ಎಲ್ಲವೂ ಕ್ಷೇಮವಾಗಿಯೇ ಕಾಣುತ್ತದೆ.

ಒಂದು ಚೀಟಿಯನ್ನು ಕಲ್ಪಿಸಿಕೊಳ್ಳೋಣ: ಒಟ್ಟು ಕೊಲೆಸ್ಟರಾಲ್ 190, ಎಚ್‌ಡಿಎಲ್ 34, ಟ್ರೈಗ್ಲಿಸರೈಡ್ 260. ಅನೇಕ ಪ್ರಯೋಗಾಲಯಗಳಲ್ಲಿ ಎಲ್‌ಡಿಎಲ್ಲನ್ನು ನೇರವಾಗಿ ಅಳೆಯದೆ, 1972ರಲ್ಲಿ ಫ್ರೀಡ್‌ವಾಲ್ಡ್ ಎಂಬವನು ಕೊಟ್ಟ ಸೂತ್ರದಂತೆ, ಒಟ್ಟಿನಿಂದ ಎಚ್‌ಡಿಎಲ್ಲನ್ನೂ ಟ್ರೈಗ್ಲಿಸರೈಡಿನ ಐದನೆಯ ಒಂದು ಪಾಲನ್ನೂ ಕಳೆದು ಲೆಕ್ಕ ಹಾಕುತ್ತಾರೆ. ಟ್ರೈಗ್ಲಿಸರೈಡ್ 400ನ್ನು ಮೀರಿದರೆ ಆ ಸೂತ್ರ ನಿಲ್ಲುವುದೇ ಇಲ್ಲ. ಇಲ್ಲಿ 190ರಿಂದ 34 ಹೋಗಿ, 52 ಹೋಗಿ, ಉಳಿದದ್ದು 104. ಒಟ್ಟು 200ರ ಒಳಗಿದೆ, ಎಲ್‌ಡಿಎಲ್ ನೂರರ ಆಸುಪಾಸಿನಲ್ಲಿದೆ; ಆದಕಾರಣ 'ನಾರ್ಮಲ್'! ಆದರೆ ಒಟ್ಟಿನಿಂದ ಎಚ್‌ಡಿಎಲ್ಲನ್ನಷ್ಟೇ ಕಳೆದು ನೋಡಿ: 156. ಎಚ್‌ಡಿಎಲ್ಲೇತರ ಕೊಲೆಸ್ಟರಾಲ್ ಎಂದು ಕರೆಯಲ್ಪಡುವ ಈ ಉಳಿಕೆಯು ಗಾಡಿಗಳ ಸಂಖ್ಯೆಗೆ ಬಹಳ ಹತ್ತಿರದ ಲೆಕ್ಕ, ಅದಕ್ಕೆ ಬೇರೆ ಪರೀಕ್ಷೆಯಿಲ್ಲ, ಒಂದು ಪೈಸೆಯ ಖರ್ಚೂ ಇಲ್ಲ. ಭಾರತೀಯ ಹೃದ್ರೋಗ ತಜ್ಞರ ಸಂಘವು 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಮಧುಮೇಹಿಗಳನ್ನು ಹೆಚ್ಚಿನ ಅಪಾಯದವರ ಪಂಕ್ತಿಯಲ್ಲಿ ಕುಳ್ಳಿರಿಸಿ, ಅವರ ಎಲ್‌ಡಿಎಲ್ 70ರ ಕೆಳಗೂ ಎಚ್‌ಡಿಎಲ್ಲೇತರವು 100ರ ಕೆಳಗೂ ಇರಬೇಕೆಂದು ಹೇಳಿದೆ. ಆಗಲೇ ಹೃದಯಾಘಾತವಾದವರಿಗೆ ಈ ಗಡಿಗಳು 55 ಮತ್ತು 85. ಹೀಗಿರುವಾಗ ಆರೋಗ್ಯವಂತನಿಗಾಗಿ ಅಚ್ಚಾದ ಗಡಿಯನ್ನು ಮಧುಮೇಹಿಯ ಚೀಟಿಯ ಮೇಲೆ ಮುದ್ರಿಸಿ ಅವನನ್ನು ನಿಶ್ಚಿಂತನನ್ನಾಗಿಸಿ ಕಳುಹಿಸುವುದು ಪ್ರಮಾದವೆಂದೇ ನನ್ನ ಅಭಿಪ್ರಾಯ.

ಇದು ಅಪರೂಪದವರ ಪಾಡೂ ಅಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 11.4ರಷ್ಟು ಮಂದಿ ಮಧುಮೇಹಿಗಳು, ಅಂದರೆ ಸುಮಾರು 10 ಕೋಟಿ. ರಕ್ತದ ಮೇದಸ್ಸಿನಲ್ಲಿ ಯಾವುದಾದರೊಂದು ಏರುಪೇರು ಉಳ್ಳವರು ಶೇ 81.

ಸರ್ಕಾರದ ದೃಷ್ಟಿ ಎಲ್ಲಿದೆ? 30 ದಾಟಿದವರ ಮನೆಬಾಗಿಲಿಗೆ ಬರುವ ರಾಷ್ಟ್ರೀಯ ತಪಾಸಣೆಯು ಮುಖ್ಯವಾಗಿ ನೋಡುವುದು ರಕ್ತದೊತ್ತಡವನ್ನು, ಸಕ್ಕರೆಯನ್ನು ಮತ್ತು ಮೂರು ಬಗೆಯ ಅರ್ಬುದಗಳನ್ನು. ಕೊಲೆಸ್ಟರಾಲ್ ಆ ಎಣಿಕೆಯಲ್ಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ದಕ್ಷಿಣ ಏಷ್ಯಕ್ಕೆಂದೇ ರೂಪಿಸಿದ ಹೃದಯಾಪಾಯದ ಬಣ್ಣದ ಪಟಗಳು ಎರಡು ಬಗೆಯವು. ಪ್ರಯೋಗಾಲಯವಿರುವ ಕಡೆಯ ಪಟದಲ್ಲಿ ಮಧುಮೇಹಕ್ಕೂ ಕೊಲೆಸ್ಟರಾಲಿಗೂ ಸ್ಥಾನವಿದೆ. ಪ್ರಯೋಗಾಲಯವಿಲ್ಲದ ಕಡೆಯ ಪಟದಲ್ಲಿ ಇವೆರಡರ ಬದಲಿಗೆ ಎತ್ತರ-ತೂಕದ ಪ್ರಮಾಣವನ್ನು ಇಟ್ಟಿದ್ದಾರೆ. ಕೊಲೆಸ್ಟರಾಲ್ ನೋಡುವ ವ್ಯವಸ್ಥೆಯಿಲ್ಲದ ಹಳ್ಳಿಯಲ್ಲಿ, ಹಾಗಾದರೆ, ಮಧುಮೇಹಿಯ ಮಧುಮೇಹವೂ ಆ ಲೆಕ್ಕದಿಂದ ಬಿದ್ದುಹೋಗುತ್ತದೆ. ತೆಳ್ಳಗಿನ ಮೈಯ ಮಧುಮೇಹಿಗಳು ಅಪರೂಪವಲ್ಲದ ನಮ್ಮ ದೇಶದಲ್ಲಿ ಇದು ಎಂಥ ವಿಪರ್ಯಾಸವೆಂಬುದನ್ನು ಓದುಗರೇ ಊಹಿಸಬೇಕು.

ಎದೆ ಹಿಡಿದ ಗಳಿಗೆಗೆ ಮಾತ್ರ ರಾಜ್ಯವು ಶ್ಲಾಘನೀಯವಾದ ಸಿದ್ಧತೆಯನ್ನು ಮಾಡಿಕೊಂಡಿದೆ. 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ ಅಗಲಿದ ನಟ ಪುನೀತ್ ರಾಜ್‌ಕುಮಾರರ ಹೆಸರಿನಲ್ಲಿ ಸರ್ಕಾರವು 2023ರಲ್ಲಿ ಘೋಷಿಸಿದ 'ಹೃದಯ ಜ್ಯೋತಿ' ಯೋಜನೆಯಲ್ಲಿ, ತಾಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ನೋಡಿ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಬೆಲೆಬಾಳುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡಿಸುತ್ತಾರೆ. ಆದರೆ ಆ ಬಾಗಿಲನ್ನು ತಟ್ಟಬೇಕಾದರೆ ಮೊದಲು ಎದೆ ನೋಯಬೇಕು. ಬಹುಕಾಲದ ಮಧುಮೇಹವು ನರಗಳನ್ನು ಮಂದಗೊಳಿಸುವುದರಿಂದ ಎಷ್ಟೋ ಮಧುಮೇಹಿಗಳಿಗೆ ಹೃದಯಾಘಾತವು ನೋವೇ ಇಲ್ಲದೆ, ಬರಿಯ ಏದುಸಿರಾಗಿ, ಬೆವರಾಗಿ, ಅಕಾರಣ ದಣಿವಾಗಿ ಬಂದು ಹೋಗುತ್ತದೆ. ಮನೆಯವರು "ಹೊಟ್ಟ್ಯಾಗ ಗ್ಯಾಸ್ ಆಗೈತಿ" ಎಂದು ಸೋಡಾ ಕುಡಿಸುತ್ತಾರೆ. ಜ್ಯೋತಿಯು ಅತ್ಯಂತ ಅಗತ್ಯವಾದವನಿಗೇ ಅದು ತಲಪುವುದು ತಡವಾಗುತ್ತದೆ. ಇಂಥವನನ್ನು ಉಳಿಸತಕ್ಕದ್ದು ಆಘಾತದ ದಿನದ ಚುಚ್ಚುಮದ್ದಿಗಿಂತ ಹತ್ತು ವರ್ಷ ಹಿಂದಿನ ರಕ್ತಪರೀಕ್ಷೆ.

2025ರ ಮಳೆಗಾಲದ ಆರಂಭಕ್ಕೆ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿಯಿಂದ ನಾಡೇ ತಲ್ಲಣಿಸಿ, ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನರು ಸಾಲುಗಟ್ಟಿ ನಿಂತದ್ದು ನೆನಪಿರಬಹುದು. ಜಯದೇವ ಸಂಸ್ಥೆಯ ಅಂದಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥರ ನೇತೃತ್ವದ ಸಮಿತಿಯು ಪರಿಶೀಲಿಸಿ, ಅಸಾಮಾನ್ಯವಾದ ಏರಿಕೆಯೇನೂ ಇಲ್ಲವೆಂದೂ, ಮೃತರಲ್ಲಿ ಕಂಡದ್ದು ಮಧುಮೇಹ, ರಕ್ತದೊತ್ತಡ, ಧೂಮಪಾನ, ಮದ್ಯಗಳಂಥ ಹಳೆಯ ಪರಿಚಿತ ಕಾರಣಗಳೇ ಎಂದೂ ವರದಿ ಕೊಟ್ಟಿತು. ನಿಗೂಢವನ್ನು ನಿರೀಕ್ಷಿಸಿದವರಿಗೆ ಈ ಉತ್ತರ ರುಚಿಸಲಿಲ್ಲ. ಭೀತಿಯಿಂದ ಓಡಿಬಂದು ತೆಗೆಸಿದ ಒಂದು ಇಸಿಜಿಯು ಮುಂದಿನ ಹತ್ತು ವರ್ಷಗಳ ಭವಿಷ್ಯವನ್ನು ಹೇಳಲಾರದು; ಅದು ಆ ಹೊತ್ತಿನ ಚಿತ್ರ ಮಾತ್ರ.

ಔಷಧದ ಬಗೆಗಿನ ಶಂಕೆಯನ್ನೂ ಎದುರಿಸಬೇಕು. ಕೊಲೆಸ್ಟರಾಲನ್ನು ಇಳಿಸುವ ಸ್ಟ್ಯಾಟಿನ್ ಗುಳಿಗೆಯು ಸಕ್ಕರೆಯನ್ನು ಸ್ವಲ್ಪ ಏರಿಸುತ್ತದೆಂಬುದು ಸುಳ್ಳಲ್ಲ. ಆದರೆ ಹೃದ್ರೋಗವಿಲ್ಲದ 2838 ಮಧುಮೇಹಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಕಾರ್ಡ್ಸ್ ಪ್ರಯೋಗದಲ್ಲಿ, ಪ್ರತಿದಿನ 10 ಮಿಲಿಗ್ರಾಂ ಅಟಾರ್ವಸ್ಟ್ಯಾಟಿನ್ ಸೇವಿಸಿದವರಲ್ಲಿ ಹೃದಯ ಮತ್ತು ರಕ್ತನಾಳಗಳ ಪ್ರಮುಖ ಅನಾಹುತಗಳು ಶೇ 37ರಷ್ಟು ಇಳಿದುವು. ಲಾಭವು ಅಷ್ಟು ಸ್ಪಷ್ಟವಾದುದರಿಂದ ಪ್ರಯೋಗವನ್ನು ಎರಡು ವರ್ಷ ಮುಂಚಿತವಾಗಿಯೇ ನಿಲ್ಲಿಸಿದರು. 40 ದಾಟಿದ ಮಧುಮೇಹಿಗೆ ಈ ಔಷಧವನ್ನು ಸಾಧಾರಣವಾಗಿ ಕೊಡಬೇಕೆಂಬುದು ಇಂದು ವೈದ್ಯರ ಒಮ್ಮತ. ಚಿಕ್ಕ ವಯಸ್ಸಿನವರ, ಗರ್ಭಧಾರಣೆಯ ಸಾಧ್ಯತೆಯಿರುವವರ ವಿಷಯ ಬೇರೆ, ಅಲ್ಲಿ ವೈದ್ಯರ ವಿವೇಚನೆಯೇ ಪ್ರಮಾಣ. ಇನ್ನೊಂದು ತುದಿಯಲ್ಲಿ ಎಂಬತ್ತು ಪರೀಕ್ಷೆಗಳನ್ನು ಒಂದೇ ಗಂಟಿನಲ್ಲಿ ಮಾರುವ 'ಪೂರ್ಣದೇಹ ಪ್ಯಾಕೇಜು'ಗಳ ವ್ಯಾಪಾರವಿದೆ. ಅದರಲ್ಲಿ ಮಧುಮೇಹಿಗೆ ನಿಜವಾಗಿ ಬೇಕಾದುದು ನಾಲ್ಕಾರು ಮಾತ್ರ. ಉಳಿದುದು ಕಾಗದದ ತೂಕ.

ಡಾ. ನಾ.ಸು. ಹರ್ಡೀಕರರೂ ಡಾ. ಕೋಕಟನೂರರೂ ದುಡಿದ ಘಟಪ್ರಭೆಯ ಆರೋಗ್ಯಧಾಮವಿರುವ ಗೋಕಾಕದ ಸೀಮೆಯಲ್ಲಿ, ಅದರಿಂದ ಬೇರ್ಪಟ್ಟ ಮೂಡಲಗಿಯಲ್ಲಿ, ದುರದುಂಡೀಶ್ವರ ಮಠದ ನಿಡಸೋಸಿಯಲ್ಲಿ, ಹಳ್ಳಿಗೆ ವೈದ್ಯವು ನಡೆದು ಬರುವುದು ಹೊಸ ಮಾತೇನಲ್ಲ. ಆದ್ದರಿಂದ ಗೋಕಾಕ, ಮೂಡಲಗಿ, ಹುಕ್ಕೇರಿ ಎಂಬ ಈ ಮೂರು ತಾಲೂಕುಗಳ ಸಕ್ಕರೆ ತಪಾಸಣೆಯ ಶಿಬಿರಗಳಲ್ಲಿ, ಮಧುಮೇಹಿಯೆಂದು ಗೊತ್ತಾದ ಪ್ರತಿಯೊಬ್ಬನಿಗೂ ವರ್ಷಕ್ಕೊಮ್ಮೆ ಮೇದಸ್ಸಿನ ಪರೀಕ್ಷೆಯನ್ನೂ ಮೂತ್ರದ ಆಲ್ಬುಮಿನ್ ಪರೀಕ್ಷೆಯನ್ನೂ ಜೊತೆಗೂಡಿಸಬೇಕು. ಚೀಟಿಯಲ್ಲಿ ಮಧುಮೇಹಿಯ ಗಡಿಯನ್ನೇ ಅಚ್ಚು ಹಾಕಿಸಬೇಕು. ಮೊದಲ ಬಸ್ಸಿಗೆ ಬರಿಹೊಟ್ಟೆಯಲ್ಲಿ ಹೊರಡಲಾರದೆ, ಅರ್ಧ ದಿನದ ಕೂಲಿ ಹೋದೀತೆಂದು ಪರೀಕ್ಷೆಯನ್ನು ಮುಂದೂಡುತ್ತ ಬಂದವರು ಒಂದು ಮಾತನ್ನು ತಿಳಿದಿರಲಿ: ಟ್ರೈಗ್ಲಿಸರೈಡ್ ಬಹಳ ಏರಿದ್ದರೆ ಹೊರತು ಕೊಲೆಸ್ಟರಾಲ್ ಪರೀಕ್ಷೆಗೆ ಉಪವಾಸ ಬೇಕಿಲ್ಲ, ರೊಟ್ಟಿ ಉಂಡೇ ಹೋಗಬಹುದು.