ತಿರುವಿನಲ್ಲಿ ಓರೆ ಒಂದೇ ಸಾಲದು

ಶಿಕ್ಷಕ ಮಿತ್ರರೇ, ರಸ್ತೆಯ ತಿರುವಿನಲ್ಲಿ ಹೊರ ಅಂಚನ್ನು ಎತ್ತರಿಸುವುದೇಕೆ ಎಂಬ ಪ್ರಶ್ನೆಗೆ ‘ವಾಹನ ಹೊರಕ್ಕೆ ಜಾರದಿರಲಿ ಎಂದು’ ಎಂಬ ಉತ್ತರ ಬಂದರೆ ನಾವು ಪೂರ್ಣ ಅಂಕ ಕೊಟ್ಟುಬಿಡುತ್ತೇವೆ. ಶಿರಸಿ–ಹುಬ್ಬಳ್ಳಿ ರಸ್ತೆಯ ಎಕ್ಕಂಬಿಯಂಥ ಊರಿನಲ್ಲಿ, ಮಳೆಗಾಲವಿಡೀ ಇದೇ ರಸ್ತೆಯಲ್ಲಿ ಓಡಾಡುವ ಮಕ್ಕಳಿಗೆ ಇದು ಅರ್ಧ ಪಾಠ ಎಂಬುದು ನನ್ನ ಅಭಿಪ್ರಾಯ.

ಲೆಕ್ಕ ಮಾಡಿ ನೋಡಿ. ಈ ಓರೆಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಬಯಲು ರಸ್ತೆಗಳಲ್ಲಿ ಹಾಕಿರುವ ಮಿತಿ ಶೇ. 7, ಅಂದರೆ ಒಂದು ಮೀಟರ್ ಅಗಲಕ್ಕೆ 7 ಸೆಂ.ಮೀ. ಏರು. ತಿರುವಿನ ತ್ರಿಜ್ಯ 50 ಮೀಟರ್ ಎಂದುಕೊಳ್ಳಿ. ಓರೆಯೊಂದನ್ನೇ ನಂಬಿ ತಿರುಗಬಹುದಾದ ವೇಗ ಗಂಟೆಗೆ ಸುಮಾರು 21 ಕಿ.ಮೀ. ಮಾತ್ರ. ಸೈಕಲ್ಲಿಗೆ ಸಾಕು! 40 ಕಿ.ಮೀ. ವೇಗದಲ್ಲಿ ಬರುವ ಬಸ್ಸಿಗೆ ಬೇಕಾದ ಒಳಮುಖ ಬಲದಲ್ಲಿ ಓರೆಯ ಪಾಲು ಕಾಲುಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ. ಉಳಿದದ್ದೆಲ್ಲ ಟೈರಿಗೂ ಡಾಂಬರಿಗೂ ನಡುವಿನ ಘರ್ಷಣೆಯದು. ವೇಗ ಇಮ್ಮಡಿಯಾದರೆ ಬೇಕಾದ ಬಲ ನಾಲ್ಕು ಪಟ್ಟು.

ಮಳೆ ಬಂದರೂ ಓರೆ ಬದಲಾಗದು, ಘರ್ಷಣೆ ಹಾಗಲ್ಲ. ನೀರು, ಕೆಸರು, ಕೊಳೆತ ಎಲೆ, ಸವೆದ ಟೈರು ಅದನ್ನು ತಗ್ಗಿಸುತ್ತವೆ. ಭಾರದ ಗಾಡಿ ಜಾರದು ಎಂಬ ನಂಬಿಕೆಯೂ ಸುಳ್ಳು: ಭಾರ ಹೆಚ್ಚಿದಷ್ಟೂ ಅದನ್ನು ತಿರುಗಿಸಲು ಬೇಕಾದ ಬಲವೂ ಹೆಚ್ಚುತ್ತದೆ.

ಪ್ರಾಥಮಿಕ ಶಾಲೆಯಲ್ಲಿ ಸೂತ್ರ ಬೇಡ. ಸ್ಟೀಲ್ ತಟ್ಟೆಯಲ್ಲಿ ರಬ್ಬರ್ ಇಟ್ಟು ಮೆಲ್ಲಗೆ ಓರೆ ಮಾಡಿಸಿ. ಬಳಿಕ ತಟ್ಟೆಗೆ ಸಾಬೂನು ನೀರು ಸವರಿ, ಮತ್ತೊಮ್ಮೆ ಮಾಡಿಸಿ. ಯಾವುದು ಮೊದಲು ಜಾರಿತು, ಏಕೆ ಎಂದು ಮಕ್ಕಳೇ ಹೇಳಲಿ.