ರಾತ್ರಿ ಉತ್ತರಿಸುವವರು ಯಾರು?

ಬ್ರೌನ್ ಶುಗರ್ ಬಿಡಲು ಹೊರಟ ಹುಡುಗನೊಬ್ಬ ವಿಲೆ ಪಾರ್ಲೆಯ ಹೋಟೆಲಿನಲ್ಲಿ ಕೆಲಸಕ್ಕಿದ್ದಾನೆ ಎಂದುಕೊಳ್ಳಿ. ಪಾಲಿಕೆಯ ಕೂಪರ್ ಆಸ್ಪತ್ರೆ ಅಲ್ಲೇ ಪಶ್ಚಿಮಕ್ಕಿದೆ. ಆದರೆ ಆಪ್ತಸಲಹೆ ಎಲ್ಲಿಯೇ ಆದರೂ ಹಗಲಿನ ಕೆಲಸ. ಚಟ ಕಾಡುವುದು ರಾತ್ರಿ, ಶಟರ್ ಎಳೆದ ಮೇಲೆ. ಆಗ ಅವನ ಜತೆಗಿರುವುದು ಫೋನ್ ಒಂದೇ. ಮಾಲು ಕೊಡುವವನ ನಂಬರೂ ಅದರಲ್ಲೇ ಇದೆ, ಆತ ಯಾವ ಹೊತ್ತಿನಲ್ಲಿ ಮೆಸೇಜು ಹಾಕಿದರೂ ಉತ್ತರಿಸುತ್ತಾನೆ.

ಚಿಕಿತ್ಸೆಗೆ ಮೊಬೈಲ್ ಸಂದೇಶವನ್ನು ಜೋಡಿಸಬೇಕೆಂಬ ವಾದದ ಬಲವಿರುವುದು ಇಲ್ಲಿ. ಗೋವಾದ ಸಂಗಾತ್ ಸಂಸ್ಥೆ ಅತಿಯಾಗಿ ಕುಡಿಯುವವರಿಗಾಗಿ ಇಂಥ ಸಂದೇಶಗಳನ್ನು ರೂಪಿಸಿ ಪರೀಕ್ಷಿಸಿದೆ. ಅಮೆರಿಕದಲ್ಲಿ, ಮದ್ಯವ್ಯಸನದ ಚಿಕಿತ್ಸೆ ಮುಗಿಸಿ ಹೊರಬಂದ 349 ಜನರ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಫೋನಿನ ನೆರವು ಪಡೆದವರು ಮಿತಿಮೀರಿ ಕುಡಿದ ದಿನಗಳು ಕಡಿಮೆಯಿದ್ದವು. ಎರಡೂ ಮದ್ಯದ ಮಾತು. ಬ್ರೌನ್ ಶುಗರಿಗೆ ಮೊದಲು ಬೇಕಾದದ್ದು ಬುಪ್ರೆನಾರ್ಫಿನ್, ಮೆಥಡೋನ್‌ನಂಥ ಔಷಧ. ಸಂದೇಶ ಅದನ್ನು ನೆನಪಿಸಬಹುದು, ಅದರ ಜಾಗಕ್ಕೆ ಬರಲಾರದು.

ಕಳಿಸುವುದೇನು ಎಂಬುದೂ ಸಣ್ಣ ಪ್ರಶ್ನೆಯಲ್ಲ. ಐದಾರು ಜನ ಒಟ್ಟಿಗೆ ಮಲಗುವ ಕೋಣೆಯಲ್ಲಿ ‘ವ್ಯಸನಮುಕ್ತಿ’ ಎಂಬ ಪದ ಪರದೆಯ ಮೇಲೆ ಮಿನುಗಿದರೆ ಹುಡುಗನ ಕೆಲಸವೇ ಹೋದೀತು. ‘ಊಟ ಆಯ್ತಾ? ನಿದ್ದೆ ಬಂತಾ?’ ಎಂದರೆ ಸಾಕು, ಅದೂ ಅವನ ಭಾಷೆಯಲ್ಲಿ. ಟ್ರಾಯ್‌ನ 2018ರ ನಿಯಮದಂತೆ ಸಂಸ್ಥೆಗಳು ಸಾಮೂಹಿಕವಾಗಿ ಕಳಿಸುವ ಎಸ್ಸೆಮ್ಮೆಸ್ಸಿನ ಒಕ್ಕಣೆ ಮೊದಲೇ ನೋಂದಣಿಯಾಗಿರಬೇಕು. ಮೋಸ ತಡೆಯಲು ಒಳ್ಳೆಯದೇ, ಆದರೆ ಸಂಕಟದಲ್ಲಿರುವವನೊಡನೆ ಅಚ್ಚುಹಾಕಿದ ಮಾತು ಎಷ್ಟು ದೂರ ಸಾಗೀತು?

ಇನ್ನು ಭಯ. 2020ರಲ್ಲಿ ಮುಂಬಯಿಯ ಸಿನಿಮಾ ಮಂದಿಯ ವಾಟ್ಸಾಪ್ ಮಾತುಕತೆ ಟೀವಿಯಲ್ಲಿ ಓದಿಸಿಕೊಂಡದ್ದನ್ನು ಕಂಡವನು ‘ನಿನ್ನೆ ಮತ್ತೆ ತಗೊಂಡೆ’ ಎಂದು ಬರೆಯುತ್ತಾನೆಯೇ? ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ, ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮಿನಲ್ಲಿ ರಕ್ಷಣೆಯಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಗೋಪ್ಯತೆಯನ್ನೂ ಕೊಡುತ್ತದೆ. ಇದನ್ನು ಮೊದಲ ಭೇಟಿಯಲ್ಲೇ ಅವನಿಗೆ ಬಿಡಿಸಿ ಹೇಳಬೇಕು.

ವ್ಯಸನಮುಕ್ತಿಯ ಸಹಾಯವಾಣಿ 14446 ಇದೆ, 2022ರಿಂದ ಟೆಲಿ ಮಾನಸ್‌ನ 14416 ಕೂಡ. ಕರೆ ಮಾಡಿ ಮಾತಾಡಲು ಒಂಟಿ ಮೂಲೆ ಬೇಕು. ಬೆರಳಲ್ಲಿ ಬರೆಯಲು ಹೊದಿಕೆ ಸಾಕು. ಹೊಸ ಆ್ಯಪ್‌ಗೆ ಸುರಿಯುವ ಹಣದಲ್ಲಿ ರಾತ್ರಿ ಪಾಳಿಗೆ ತರಬೇತಾದ ಒಬ್ಬರನ್ನು ನೇಮಿಸಲಿ, ಹುಡುಗ ಒಂದು ಗಂಟೆಗೆ ಬರೆದದ್ದಕ್ಕೆ ಒಂದೂಕಾಲಕ್ಕೆ ಉತ್ತರಿಸುವಂಥವರನ್ನು.