ಊಟದ ಲೆಕ್ಕ, ಬಿಡುವಿನ ಲೆಕ್ಕ

ಕಳೆದ ಶ್ರಾವಣದಲ್ಲಿ ತಾಯಿಯೊಬ್ಬರು ಇಪ್ಪತ್ತಮೂರರ ಹರೆಯದ ಮಗನನ್ನು ನಮ್ಮ ಚಿಕಿತ್ಸಾಲಯಕ್ಕೆ ಕರೆತಂದಿದ್ದರು. “ರೊಟ್ಟಿ ತೂಕ ಮಾಡಿ ತಿಂತಾನ್ರಿ ಡಾಕ್ಟರ, ಅದೂ ಒಂದss” ಎಂಬುದು ಆ ತಾಯಿಯ ದೂರು. ಎರಡು ತಿಂಗಳಿಂದ ಆತ ಒಂದು ದಿನವೂ ತಪ್ಪದೆ ಜಿಮ್‌ನಲ್ಲಿ ಭಾರ ಎತ್ತುತ್ತಿದ್ದ. ಮೊಬೈಲಿನ ಆ್ಯಪ್ ಹೇಳಿತೆಂದು ದಿನಕ್ಕೆ 1200 ಕ್ಯಾಲರಿ ಮೀರಿ ಉಣ್ಣುತ್ತಿರಲಿಲ್ಲ. ನಿದ್ರೆ ಕೆಟ್ಟಿತ್ತು, ಮೊಣಕಾಲು ನೋಯುತ್ತಿತ್ತು, ಸಣ್ಣ ಮಾತಿಗೂ ಸಿಟ್ಟು ಬರುತ್ತಿತ್ತು. ಆತ ಕೇಳಿದ್ದು ಎರಡೇ ಪ್ರಶ್ನೆ: ಕ್ಯಾಲರಿ ಇನ್ನೂ ಇಳಿಸಬೇಕೆ? ಒಂದು ದಿನ ವ್ಯಾಯಾಮ ಬಿಟ್ಟರೆ ಇದುವರೆಗಿನ ಶ್ರಮವೆಲ್ಲ ವ್ಯರ್ಥವಾಗುವುದೆ? ಮಠಕ್ಕೆ ಬರುವ ಅನೇಕ ತರುಣ ತರುಣಿಯರೂ ಇವನ್ನೇ ಕೇಳುತ್ತಿರುವುದರಿಂದ ಈ ತಿಂಗಳು ಇದನ್ನೇ ಎತ್ತಿಕೊಂಡಿದ್ದೇವೆ.

ಮೊದಲಿಗೆ ಒಂದು ತಪ್ಪೊಪ್ಪಿಗೆ. ಇಪ್ಪತ್ತು ವರ್ಷಗಳ ಹಿಂದಾಗಿದ್ದರೆ “ಕ್ಯಾಲರಿ ಪರದೇಶದ ಲೆಕ್ಕ, ನಮಗೇಕೆ?” ಎಂದು ನಾವು ತಳ್ಳಿಹಾಕುತ್ತಿದ್ದೆವು. ಅದು ಸರಿಯಲ್ಲ. ಕ್ಯಾಲರಿಯೆಂದರೆ ಆಹಾರದಲ್ಲಿ ಅಡಗಿರುವ ಶಕ್ತಿಯ ಅಳತೆ, ಅಷ್ಟೆ. ಒಂದು ಗ್ರಾಂ ಪಿಷ್ಟದಲ್ಲಿ ಅಥವಾ ಪ್ರೋಟೀನಿನಲ್ಲಿ ಸುಮಾರು 4, ಒಂದು ಗ್ರಾಂ ಎಣ್ಣೆ ತುಪ್ಪಗಳಲ್ಲಿ ಸುಮಾರು 9 ಕ್ಯಾಲರಿ ಇರುತ್ತದೆ. ಇಷ್ಟು ತಿಳಿದರೂ ಕಣ್ಣು ತೆರೆಯುತ್ತದೆ. 60 ಗ್ರಾಂ ಹಿಟ್ಟಿನ ಜೋಳದ ರೊಟ್ಟಿಯಲ್ಲಿರುವುದು ಸುಮಾರು 200 ಕ್ಯಾಲರಿ. 90 ಗ್ರಾಂ ಶೇಂಗಾದಲ್ಲಿ 500. “ರೊಟ್ಟಿ ಬಿಟ್ಟರೂ ತೂಕ ಇಳಿಯಲೊಲ್ಲದು” ಎನ್ನುವವರು ಹರಟೆಯ ನಡುವೆ ಮೆದ್ದ ಶೇಂಗಾವನ್ನೂ ಐದು ಸಲದ ಚಹಾದ ಸಕ್ಕರೆಯನ್ನೂ ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಆಯುರ್ವೇದವೂ ಆಹಾರದ ಪ್ರಮಾಣವನ್ನು ಕಡೆಗಣಿಸಿಲ್ಲ. ಜಠರದ ನಾಲ್ಕು ಭಾಗಗಳಲ್ಲಿ ಎರಡನ್ನು ಅನ್ನಕ್ಕೂ ಒಂದನ್ನು ಪಾನೀಯಕ್ಕೂ ಮೀಸಲಿಟ್ಟು, ಉಳಿದೊಂದನ್ನು ವಾಯುವಿನ ಸಂಚಾರಕ್ಕೆ ಬಿಡಬೇಕೆಂದು ವಾಗ್ಭಟಾಚಾರ್ಯರು ವಿಧಿಸಿದ್ದಾರೆ. ಆದರೆ ಆ ಪ್ರಮಾಣವು ಉಣ್ಣುವವನ ಅಗ್ನಿಬಲವನ್ನು ಅವಲಂಬಿಸಿದೆ. ಮೊಬೈಲಿಗೆ ಅದು ಕಾಣುವುದಿಲ್ಲ. ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ಹೊಸಬರು ಎರಡು ವಾರ ಉಂಡದ್ದನ್ನೆಲ್ಲ ಬರೆದಿಟ್ಟು ಲೆಕ್ಕ ಹಾಕಲಿ, ಬಳಿಕ ಪುಸ್ತಕ ಮುಚ್ಚಲಿ. ಜೀವಮಾನವಿಡೀ ತಕ್ಕಡಿ ಹಿಡಿದು ಉಣ್ಣುವುದೂ ಒಂದು ಬಗೆಯ ವ್ಯಾಧಿಯೇ. ದಾಸೋಹದ ಪ್ರಸಾದವನ್ನು ಹೇಗೆ ಲೆಕ್ಕ ಹಾಕುವುದೆಂದು ಒಬ್ಬರು ಕೇಳಿದ್ದರು. ಹಾಕಬೇಡಿ, ಬಡಿಸುವಾಗಲೇ ಬೇಕಾದಷ್ಟೇ ನೀಡಿಸಿಕೊಳ್ಳಿ.

ಇನ್ನು ಆ 1200ರ ಮಾತು. ಐಸಿಎಂಆರ್ ಮತ್ತು ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2020ರ ಶಿಫಾರಸಿನಂತೆ, ಕುಳಿತು ಕೆಲಸ ಮಾಡುವ 65 ಕಿಲೋ ತೂಕದ ಪುರುಷನಿಗೇ 2110, 55 ಕಿಲೋ ತೂಕದ ಸ್ತ್ರೀಗೆ 1660 ಕ್ಯಾಲರಿ ಬೇಕು. ಭಾರ ಎತ್ತುವ ತರುಣ 1200ರಲ್ಲಿ ದಿನ ದೂಡಿದರೆ ದೇಹವು ಮೇದಸ್ಸಿನೊಡನೆ ಮಾಂಸಧಾತುವನ್ನೂ ಕರಗಿಸಿಕೊಳ್ಳುತ್ತದೆ. ತೂಕ ಇಳಿಸಬೇಕಾದವರಿಗೂ ಸಾಮಾನ್ಯವಾಗಿ ತಮ್ಮ ಅಗತ್ಯಕ್ಕಿಂತ 300ರಿಂದ 500 ಕಡಿಮೆ ಮಾಡಿದರೆ ಸಾಕು.

ಎರಡನೆಯ ಪ್ರಶ್ನೆಗೆ ಉತ್ತರ ನಮ್ಮ ಹೊಲಗಳಲ್ಲಿಯೇ ಇದೆ. ನಮ್ಮ ಕಡೆಯ ಒಕ್ಕಲುತನದ ಮನೆಗಳಲ್ಲಿ ಸೋಮವಾರ ಎತ್ತುಗಳ ಹೆಗಲಿಗೆ ನೊಗ ಇಡುವುದಿಲ್ಲ. ಬಿತ್ತನೆಯ ಹದ ಆರುತ್ತಿದ್ದರೂ ನಮ್ಮ ತಂದೆಯವರು ಅಂದು ಹೂಡುತ್ತಿರಲಿಲ್ಲ. ಸೋಮವಾರ ನಿಂತ ಎತ್ತು ಮಂಗಳವಾರ ಎಳೆಯುವುದನ್ನು ಮರೆತದ್ದನ್ನು ನಾವಂತೂ ಕಂಡಿಲ್ಲ!

ಭಾರ ಎತ್ತಿದಾಗ ಸ್ನಾಯುವಿನ ಎಳೆಗಳಿಗೆ ಸೂಕ್ಷ್ಮವಾದ ಪೆಟ್ಟು ಬೀಳುತ್ತದೆ. ಅವು ಕೂಡಿಕೊಂಡು ಬಲಿಯುವುದು ಜಿಮ್‌ನಲ್ಲಲ್ಲ. ಆಮೇಲಿನ ಊಟ, ನಿದ್ರೆ, ವಿಶ್ರಾಂತಿಗಳಲ್ಲಿ. ಹೊಸಬರಿಗೆ ಮೈನೋವು ಎರಡನೆಯ ಮೂರನೆಯ ದಿನ ಹೆಚ್ಚುವುದೂ ಇದೇ ಕಾರಣಕ್ಕೆ. ಆದ್ದರಿಂದ ಒಂದು ಅಂಗಕ್ಕೆ ಶ್ರಮ ಕೊಟ್ಟ ಮೇಲೆ ಅದೇ ಅಂಗಕ್ಕೆ ಸುಮಾರು 48 ಗಂಟೆ ಬಿಡುವಿರಲಿ. ಮಂಗಳವಾರ, ಗುರುವಾರ, ಶನಿವಾರ ಭಾರ ಎತ್ತಿ, ನಡುವಿನ ದಿನಗಳಲ್ಲಿ ಅರ್ಧ ಗಂಟೆ ನಡೆದು, ಸೋಮವಾರ ಪೂರ್ಣ ವಿಶ್ರಮಿಸಿದರೆ ಆರಂಭದವರಿಗೆ ಧಾರಾಳವಾಯಿತು.

ವ್ಯಾಯಾಮವನ್ನು ಅರ್ಧಶಕ್ತಿಯಷ್ಟೇ ಮಾಡಬೇಕೆಂಬುದು ಆಚಾರ್ಯರ ಮತ. ಉಸಿರು ಮೇಲುಸಿರಾಗಿ ಬಾಯಿಯಿಂದ ಬರತೊಡಗಿದರೆ ಅರ್ಧಬಲ ವ್ಯಯವಾಯಿತೆಂದು ಸುಶ್ರುತರು ಲಕ್ಷಣ ಹೇಳಿದ್ದಾರೆ. ಅದೂ ಚಳಿಗಾಲ ಮತ್ತು ವಸಂತದಲ್ಲಿ; ಉಳಿದ ಋತುಗಳಲ್ಲಿ ಇನ್ನೂ ಸೌಮ್ಯವಾಗಿರಬೇಕು. ನಮ್ಮ ಬಿಸಿಲುನಾಡಿನ ಏಪ್ರಿಲ್ ತಿಂಗಳಲ್ಲಿ ಜನವರಿಯ ಕಟ್ಟುನಿಟ್ಟನ್ನೇ ಹಿಡಿದು ಕೂರುವವರು ಈ ಮಾತನ್ನು ಗಮನಿಸಬೇಕು. ನಿದ್ರೆ ಬಾರದಿದ್ದರೆ, ಹಸಿವು ಮಂದವಾದರೆ, ಬೆಳಗಿನ ನಾಡಿ ಎಂದಿಗಿಂತ ವೇಗವಾಗಿದ್ದರೆ ಆ ದಿನ ಬಿಡುವು ಮಾಡಿಕೊಳ್ಳಿ. ವಿಪರೀತ ಶ್ರಮದ ನಂತರ ಮೈ ಅತಿಯಾಗಿ ನೋಯುತ್ತ ಮೂತ್ರವು ಕಡುಕಂದು ಬಣ್ಣಕ್ಕೆ ತಿರುಗಿದರೆ ಕಷಾಯ ಕುಡಿಯುತ್ತ ಕೂರಬೇಡಿ, ನಮ್ಮ ಬಳಿಗೂ ಬರಬೇಡಿ. ಸ್ನಾಯು ಒಡೆದು ಮೂತ್ರಪಿಂಡಕ್ಕೆ ಅಪಾಯವಾಗಿರಬಹುದು, ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಿ.

ಆ ತರುಣನಿಗೆ ನಾವು ಔಷಧ ಕೊಡಲಿಲ್ಲ. ಎರಡು ರೊಟ್ಟಿ, ಒಂದು ಬಟ್ಟಲು ಬೇಳೆ, ಮಜ್ಜಿಗೆ ಹೆಚ್ಚಿಸಿ, ವಾರದಲ್ಲಿ ನಾಲ್ಕು ದಿನ ಜಿಮ್ ಬಿಡಿಸಿದೆವು. ಮೂರು ವಾರಕ್ಕೆ ನಿದ್ರೆ ಮರಳಿತು. ಮೊಣಕಾಲು ಇನ್ನೂ ಪೂರ್ತಿ ಸರಿಹೋಗಿಲ್ಲ.

ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರು ಮಾತ್ರ ಇದನ್ನೋದಿ ನಾಳೆಯಿಂದಲೇ ಊಟ ಇಳಿಸಿ ನಡಿಗೆ ಹೆಚ್ಚಿಸಬಾರದು. ರಕ್ತದಲ್ಲಿ ಸಕ್ಕರೆ ಏಕಾಏಕಿ ಕುಸಿದು ದಾರಿಯಲ್ಲಿಯೇ ಎಚ್ಚರ ತಪ್ಪಬಹುದು. ಔಷಧ ಬರೆದುಕೊಟ್ಟ ವೈದ್ಯರನ್ನು ಮೊದಲು ಕಂಡು, ಅದರ ಪ್ರಮಾಣ ಬದಲಿಸಬೇಕೆ ಎಂದು ಕೇಳಿಕೊಳ್ಳಿ.